ಸೊಂಟಕ್ಕೆ ಟೋಪಿ

ನನ್ನ ಬಾಯಿಗೆ ಬೀಗವಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಅದರಿಂದಲೇ ಆದದ್ದು. ನನ್ನ ಭಾವ, ಅಂದರೆ ಅಕ್ಕನ ಗಂಡ, ನನಗೆ ಇಟ್ಟ ಹೆಸರು ಡಂಗುರ. ‘ಇವನ ಕಿವೀಲಿ ಹೇಳಿದ್ರೆ ಸಾಕು, ಊರಿಗೆಲ್ಲ ಬೇರೆ ಹೇಳಬೇಕಾಗಿಲ್ಲ’ ಎಂದು ಗಿರಾಕಿಗಳ ಎದುರೇ ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ. ಸುಳ್ಳಾಗಿದ್ದರೆ ತಾನೇ ಸಿಟ್ಟು ಬರಬೇಕು?

ಭಾವನದು ಟೈರ್ ರೀಬಟನ್ ಅಂಗಡಿ. ಲಾರಿ, ವ್ಯಾನುಗಳ ಟೈರು ಸವೆದು ಬೋಳಾದಾಗ ಅದನ್ನು ಎಸೆಯದೆ, ಮೇಲಿನ ಹಳೆ ರಬ್ಬರನ್ನು ಉಜ್ಜಿ ತೆಗೆದು, ಹೊಸ ರಬ್ಬರಿನ ಪಟ್ಟಿ ಸುತ್ತಿ, ಬಿಸಿ ಮಾಡಿ ಅಂಟಿಸಿ ಕೊಡುವ ಕೆಲಸ. ಉಜ್ಜುವ ಯಂತ್ರ ನನ್ನದು. ಬಟ್ಟೆ ಅಂಗಡಿ ಇಟ್ಟು ಎರಡೇ ವರ್ಷಕ್ಕೆ ಬಾಗಿಲು ಹಾಕಿದ ಮೇಲೆ ನಾನು ಬಂದು ಸೇರಿಕೊಂಡದ್ದು ಇಲ್ಲಿಗೆ. ಆವತ್ತಿನಿಂದ ಹದಿನಾರು ವರ್ಷ, ನನ್ನ ಹುಬ್ಬಿನ ಮೇಲೂ ಭಾವನ ಹುಬ್ಬಿನ ಮೇಲೂ ಒಂದೇ ಕಪ್ಪು ಪುಡಿ. ಅಕ್ಕ ನಮ್ಮಿಬ್ಬರ ಬಟ್ಟೆಗೆ ಬೇರೆಯೇ ಒಂದು ಬಕೆಟ್ಟು ಇಟ್ಟಿದ್ದಾಳೆ. ಅದರ ಹತ್ತಿರ ಬೇರೆ ಯಾರ ಬಟ್ಟೆಯನ್ನೂ ಸುಳಿಯಗೊಡುವುದಿಲ್ಲ. ಮುಳುಗಿದ ಬಟ್ಟೆ ಅಂಗಡಿಯ ಬಗ್ಗೆ ಭಾವ ಒಂದು ದಿನವೂ ಚುಚ್ಚಿ ಮಾತಾಡಿದವರಲ್ಲ. ಈ ಮಾತನ್ನು ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ.

ರಬ್ಬರು ಸುತ್ತುವುದು ದೊಡ್ಡ ವಿದ್ಯೆಯಲ್ಲ, ಆರು ತಿಂಗಳಲ್ಲಿ ಯಾರಾದರೂ ಕಲಿತಾರು. ವಿದ್ಯೆಯಿರುವುದು ಯಾವ ಟೈರಿಗೆ ಸುತ್ತಬಾರದು ಎಂದು ಹೇಳುವುದರಲ್ಲಿ. ಟೈರಿನ ಒಳಗಿನ ಒಡಲಿಗೆ ನಾವು ಕೇಸಿಂಗ್ ಎನ್ನುತ್ತೇವೆ. ಕೇಸಿಂಗ್ ಗಟ್ಟಿಯಿದ್ದರೆ ಎರಡು ಸಲ ಬೇಕಾದರೂ ಹೊಸ ರಬ್ಬರು ಹಾಕಿ ಓಡಿಸಬಹುದು. ಅದು ಹೋಗಿದ್ದರೆ ಚಿನ್ನದ ಪಟ್ಟಿ ಸುತ್ತಿದರೂ ದಾರಿಯಲ್ಲಿ ಸಿಡಿಯುತ್ತದೆ. ಭಾವ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತೋಳನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಗೇಣುಗೇಣಿಗೂ ಒತ್ತುತ್ತ ಒಂದು ಸುತ್ತು ಬರುತ್ತಿದ್ದರು. ಆಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು: ಸರಿ ಅಥವಾ ತಪ್ಪು. ತಪ್ಪು ಬಿದ್ದ ಟೈರನ್ನು ಯಾರು ಕಾಲಿಗೆ ಬಿದ್ದರೂ ಮುಟ್ಟುತ್ತಿರಲಿಲ್ಲ.

ಒಮ್ಮೆ ಒಬ್ಬ ವ್ಯಾನ್ ಡ್ರೈವರು ಹಳೆಯ ಸಿಡಿತದ ಮೇಲೆ ಒಳಗಿನಿಂದ ತೇಪೆ ಹಾಕಿಸಿ, ಅದು ಕಾಣದಿರಲೆಂದು ಕಪ್ಪು ಬಣ್ಣ ಬಳಿದು ತಂದಿದ್ದ. ಭಾವನ ಹೆಬ್ಬೆರಳು ನೇರ ಅಲ್ಲಿಗೇ ಹೋಗಿ ನಿಂತಿತು. ‘ನೋಡಪ್ಪಾ, ನನಗೆ ಟೋಪಿ ಹಾಕಿದ್ರೆ ಪರವಾಗಿಲ್ಲ. ರಸ್ತೆಗೆ ಟೋಪಿ ಹಾಕಕ್ಕಾಗಲ್ಲ’ ಎಂದರು. ಅವನು ಇಂಗು ತಿಂದ ಮಂಗನ ಹಾಗೆ ಟೈರು ಉರುಳಿಸಿಕೊಂಡು ಹೋದ.

ಇಂಥ ಮನುಷ್ಯನಿಗೆ ಐವತ್ತೊಂದನೇ ವಯಸ್ಸಿಗೆ ಎಡಗಡೆಯ ಸೊಂಟದ ಕೀಲು ಕೈಕೊಟ್ಟಿತು. ಮೊದಮೊದಲು ತೊಡೆಸಂದಿಯಲ್ಲಿ ಸಣ್ಣ ನೋವು. ಆಮೇಲೆ ಕೂತರೆ ಏಳಲು ಟೈರನ್ನೇ ಹಿಡಿದುಕೊಳ್ಳಬೇಕು. ಒಂದು ವರ್ಷದಲ್ಲಿ ಎಡಗಾಲಿನ ಚಪ್ಪಲಿ ಮಾತ್ರ ಒಂದೇ ಕಡೆ ಸವೆಯತೊಡಗಿತು. ಮೂವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಅನ್ನ ಸಂಪಾದಿಸಿದ ಮನುಷ್ಯ ಬಚ್ಚಲಿನಲ್ಲೂ ಗೋಡೆ ಹಿಡಿದು ನಿಂತು ಸ್ನಾನ ಮಾಡುವಂತಾಯಿತು. ಅಕ್ಕ ಹೇಳಿ ಹೇಳಿ ಸಾಕಾಗಿ, ಕೊನೆಗೆ ಒಂದು ಬೆಳಿಗ್ಗೆ ಅಂಗಡಿಯ ಬೀಗದಕೈಯನ್ನೇ ಬಚ್ಚಿಟ್ಟಳು. ‘ಡಾಕ್ಟರ ಹತ್ರ ಹೋಗಿ ಬಂದ್ರೆ ಬೀಗದಕೈ, ಇಲ್ಲಾಂದ್ರೆ ಇಲ್ಲ’ ಎಂದಳು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದಲ್ಲ. ಮೂವರೂ ಹೊರಟೆವು.

ಮೂಳೆ ಡಾಕ್ಟರು ಹೆಂಗಸು, ಮಾತು ಚುರುಕು. ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ‘ಕೀಲಿನ ಮೆತ್ತೆ ಪೂರ್ತಿ ಸವೆದುಹೋಗಿದೆ, ಮೂಳೆಗೆ ಮೂಳೆ ತಾಗ್ತಾ ಇದೆ’ ಎಂದರು. ‘ಎರಡು ದಾರಿ ಇದೆ. ಒಂದು, ತೊಡೆಮೂಳೆ ತುದೀಲಿರೋ ಚೆಂಡನ್ನೇ ಕತ್ತರಿಸಿ ತೆಗೆದು, ಮೂಳೆಯೊಳಗೆ ಲೋಹದ ಕಡ್ಡಿ ಇಳಿಸಿ, ಅದರ ಮೇಲೆ ಹೊಸ ಚೆಂಡು ಕೂರಿಸೋದು. ಪೂರ್ತಿ ಕೀಲು ಬದಲಾವಣೆ. ಇನ್ನೊಂದ್ರಲ್ಲಿ ಚೆಂಡನ್ನ ತೆಗೆಯೋದೇ ಇಲ್ಲ. ಮೇಲಷ್ಟೇ ಹೆರೆದು, ಅದಕ್ಕೊಂದು ಲೋಹದ ಟೋಪಿ ಹಾಕ್ತೀವಿ. ಅದು ತಿರುಗೋ ಬಟ್ಟಲಿಗೂ ಒಂದು ಲೋಹದ ಪದರ. ನಿಮ್ಮ ಮೂಳೆ ನಿಮ್ಮ ಹತ್ರಾನೇ ಉಳಿಯುತ್ತೆ.’

ಭಾವನ ಮುಖ ಅರಳಿದ್ದನ್ನು ನೋಡಬೇಕಿತ್ತು. ‘ರೀಬಟನ್!’ ಎಂದರು, ನನ್ನ ಕಡೆ ತಿರುಗಿ. ‘ಕೇಳಿದ್ಯೇನೋ? ನಮ್ಮ ಕೆಲಸಾನೇ ಮಾಡ್ತಾರೆ ಇವರೂ.’

‘ಎಲ್ಲರಿಗೂ ಆಗಲ್ಲ ಅದು’ ಎಂದರು ಡಾಕ್ಟರು. ‘ವಯಸ್ಸಾದವರಿಗೆ, ಹೆಂಗಸರಿಗೆ ಸಾಮಾನ್ಯವಾಗಿ ಬೇಡ ಅಂತೀವಿ. ಲೋಹಕ್ಕೆ ಲೋಹ ಉಜ್ಜಿ ಸಣ್ಣ ಕಣ ರಕ್ತಕ್ಕೆ ಸೇರಬಹುದು, ಆಗಾಗ ಪರೀಕ್ಷೆ ಮಾಡಿಸ್ತಾ ಇರಬೇಕು. ಎಲ್ಲಕ್ಕಿಂತ ಮುಖ್ಯ, ಮೂಳೆ ಗಟ್ಟಿ ಇರಬೇಕು. ಇಲ್ಲಾಂದ್ರೆ ಟೋಪಿ ಕೆಳಗೇ ಕತ್ತು ಮುರಿಯುತ್ತೆ. ನಿಮ್ಮ ಕತ್ತಲ್ಲ, ಮೂಳೆ ಕತ್ತು.’

‘ಕುಕ್ಕರಗಾಲಲ್ಲಿ ಕೂರಬಹುದಾ ಮೇಡಂ?’

‘ಟೋಪಿ ಹಾಕಿದ್ರೆ, ಚೆನ್ನಾಗಿ ಮಾಗಿದ ಮೇಲೆ, ಕೂರೋ ಸಾಧ್ಯತೆ ಹೆಚ್ಚು. ಪೂರ್ತಿ ಬದಲಾಯಿಸಿದ್ರೆ ಕೂರಬೇಡಿ ಅಂತಲೇ ಹೇಳ್ತೀನಿ. ಕೀಲು ಜಾರೋ ಭಯ ಇರುತ್ತೆ.’

ಭಾವನ ಮನಸ್ಸು ಅಲ್ಲಿಗೇ ಅಂಟಿಕೊಂಡಿತು. ಡಾಕ್ಟರು ಕಾಗದ ಎಳೆದುಕೊಂಡು ಒಂದೊಂದೇ ಕೇಳತೊಡಗಿದರು. ಸಕ್ಕರೆ ಕಾಯಿಲೆ? ಇಲ್ಲ. ಕಿಡ್ನಿ ತೊಂದರೆ? ಇಲ್ಲ. ಕುಡಿತ? ಇಲ್ಲ. ‘ಸ್ಟೀರಾಯ್ಡ್ ಮಾತ್ರೆ ಏನಾದ್ರೂ ತಗೊಂಡಿದ್ದೀರಾ? ಉಬ್ಬಸಕ್ಕೋ, ಚರ್ಮಕ್ಕೋ? ಅದು ಮೂಳೇನ ಒಳಗಿಂದ ಟೊಳ್ಳು ಮಾಡುತ್ತೆ.’

‘ಇಲ್ಲ ಮೇಡಂ’ ಎಂದರು ಭಾವ, ಕಡ್ಡಿ ಮುರಿದ ಹಾಗೆ.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನೆಲ ನೋಡಿದಳು. ರಬ್ಬರಿನ ಪುಡಿ ಉಸಿರಾಡಿ ಉಸಿರಾಡಿ ಭಾವನಿಗೆ ಉಬ್ಬಸ ಹಿಡಿದು ಹನ್ನೊಂದು ವರ್ಷವಾಗಿತ್ತು. ಯಾವುದೋ ಡಾಕ್ಟರು ಐದು ದಿನಕ್ಕೆಂದು ಬರೆದುಕೊಟ್ಟ ಬಿಳಿ ಮಾತ್ರೆಯನ್ನು, ‘ಇದು ಸ್ಟೀರಾಯ್ಡು, ಹೆಚ್ಚು ತಗೋಬೇಡಿ’ ಎಂದು ಅವರು ಸಾರಿ ಸಾರಿ ಹೇಳಿದ್ದರೂ, ಇವರು ಉಬ್ಬಸ ಬಂದಾಗಲೆಲ್ಲ ಮೂಲೆಯ ಔಷಧಿ ಅಂಗಡಿಯಿಂದ ತಾವೇ ತರಿಸಿ ನುಂಗುತ್ತಿದ್ದರು. ಚಳಿಗಾಲದಲ್ಲಂತೂ ದಿನಾ. ತಂದುಕೊಡುತ್ತಿದ್ದವನು ನಾನೇ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕ ಶುರುಮಾಡಿದಳು. ‘ಅಲ್ಲ ರೀ, ಹಸೀ ಸುಳ್ಳು ಹೇಳಿಬಿಟ್ರಲ್ಲ!’

‘ಹೇಳಿದ್ರೆ ಟೋಪಿ ಹಾಕಲ್ಲ ಅಂದುಬಿಡ್ತಿದ್ರು. ಆಮೇಲೆ ನಾನೇನು ಸ್ಟೂಲ್ ಮೇಲೆ ಕೂತು ಟೈರಿಗೆ ಜಾತಕ ಹೇಳಲಾ?’

‘ಮೂಳೆ ಟೊಳ್ಳಾಗಿದ್ರೆ?’

‘ನನ್ನ ಮೂಳೆ ನನಗೆ ಗೊತ್ತಿಲ್ವಾ? ಲಾರಿ ಟೈರು ಒಬ್ಬನೇ ಎತ್ತಿ ನಿಲ್ಲಿಸಿದ ಮೂಳೆ ಇದು.’

‘ಆ ವ್ಯಾನಿನವನೂ ಹೀಗೇ ಹೇಳಿದ್ದು, ಟೈರು ಗಟ್ಟಿ ಇದೆ ಅಂತ.’

‘ಟೈರು ಬೇರೆ, ಸೊಂಟ ಬೇರೆ ಕಣೇ.’

‘ಹೌದು, ಟೈರಾದ್ರೆ ಬೇರೆ ಸಿಗುತ್ತೆ’ ಎಂದಳು ಅಕ್ಕ. ಮಾತಿನಲ್ಲಿ ಸೋತಾಗ ಭಾವ ನನ್ನ ಮೇಲೆ ಬೀಳುವುದು ಮಾಮೂಲು. ‘ಲೋ ಡಂಗುರ, ಈ ಒಂದು ಮಾತು ಹೊಟ್ಟೆಯೊಳಗೆ ಇಟ್ಟುಕೋ. ಇದೊಂದನ್ನ. ನನ್ನಾಣೆ’ ಎಂದು ನನ್ನ ಕೈ ಹಿಡಿದುಕೊಂಡರು. ಹಿಡಿದುಕೊಂಡ ಮೇಲೆ ನಾನೇನು ಮಾಡಲಿ? ಹೂಂ ಎಂದೆ.

ಆಪರೇಷನ್ನಿಗೆ ಇನ್ನೂ ಐದು ವಾರವಿತ್ತು. ಭಾವ ಎಂದೂ ಇಲ್ಲದ ಹುರುಪಿನಲ್ಲಿದ್ದರು. ಬಂದ ಗಿರಾಕಿಗೆಲ್ಲ ‘ನಮ್ಮ ಡಾಕ್ಟರು ನನಗೆ ಟೋಪಿ ಹಾಕ್ತಾರಂತೆ ಕಣ್ರೀ’ ಎಂದು ಹೇಳಿ, ಅವರು ಬೆಚ್ಚಿದ ಮೇಲೆ ವಿವರಿಸಿ ನಗುತ್ತಿದ್ದರು. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಇತ್ತ ನನಗೆ ಊಟ ಸೇರದು. ಗುಟ್ಟು ಇಟ್ಟುಕೊಂಡು ಅಭ್ಯಾಸವಿಲ್ಲದ ಹೊಟ್ಟೆ. ಉಜ್ಜುವ ಯಂತ್ರದ ಮುಂದೆ ನಿಂತರೂ ಅದೇ ಯೋಚನೆ. ಹೇಳಿದರೆ ಭಾವ ಮತ್ತೆ ಕುಕ್ಕರಗಾಲಲ್ಲಿ ಕೂರುವ ಆಸೆ ಮುಗಿಯಿತು. ಹೇಳದಿದ್ದರೆ ಒಂದು ದಿನ ನಡೆಯುತ್ತ ನಡೆಯುತ್ತ ಕಾಲು ಮುರಿದು ಬಿದ್ದಾರು. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸವಾಗುವ ದಾರಿ ಹುಡುಕಿ ಹುಡುಕಿ ಸಾಕಾಯಿತು. ಅಂಥ ದಾರಿ ಇರಲಿಲ್ಲ.

ಎರಡನೇ ವಾರ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಾಗ ಭಾವನನ್ನು ಒಳಗೆ ಕರೆದರು. ನಾನು ಕಾರಿಡಾರಿನ ಬೆಂಚಿನಲ್ಲಿ ಅವರ ಚಪ್ಪಲಿ, ಚೀಲ ಕಾಯುತ್ತ ಕೂತಿದ್ದೆ. ಡಾಕ್ಟರು ಆ ಕಡೆಯಿಂದ ಬಂದವರು ನನ್ನ ಗುರುತು ಹಿಡಿದು, ‘ನೀವು ಅವರ ತಮ್ಮನಾ?’ ಎಂದರು.

‘ಅಲ್ಲ ಮೇಡಂ, ಭಾವಮೈದ.’

‘ಎಲ್ಲಕ್ಕೂ ಸಿದ್ಧವಾಗಿದ್ದಾರಾ? ಭಯ ಏನಿಲ್ಲ ತಾನೇ? ಟೋಪಿ ಹಾಕಿದ್ರೆ ಆರಾಮಾಗಿ ಓಡಾಡ್ತಾರೆ.’

ಅಷ್ಟೇ. ಅವರು ಹೊರಟೇಹೋಗುತ್ತಿದ್ದರು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ‘ಮೇಡಂ, ನೀವು ಟೋಪಿ ಹಾಕೋ ಮೊದಲೇ ಅವರು ನಿಮಗೆ ಹಾಕಿಬಿಟ್ಟಿದ್ದಾರೆ’ ಎಂದೆ.

ಅವರು ನಿಂತರು. ನಾನು ಎಲ್ಲ ಹೇಳಿದೆ: ಹನ್ನೊಂದು ವರ್ಷ, ಬಿಳಿ ಮಾತ್ರೆ, ಚಳಿಗಾಲದಲ್ಲಿ ದಿನಾ, ಮಾತ್ರೆಯ ಹೆಸರು, ತಂದುಕೊಡುತ್ತಿದ್ದವನ ಹೆಸರು. ಹೇಳುವಾಗ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಡಾಕ್ಟರು ಬೈಯಲಿಲ್ಲ. ‘ಒಳ್ಳೇದು ಮಾಡಿದ್ರಿ’ ಎಂದಷ್ಟೇ ಹೇಳಿ, ಆ ದಿನವೇ ಇನ್ನೊಂದು ಸ್ಕ್ಯಾನ್ ಬರೆದರು. ಭಾವನಿಗೆ ಅದು ಇನ್ನೊಂದು ಮಾಮೂಲು ಪರೀಕ್ಷೆ. ನಗುನಗುತ್ತಲೇ ಯಂತ್ರದೊಳಗೆ ಮಲಗಿ ಬಂದರು.

ನಾಲ್ಕು ದಿನ ಬಿಟ್ಟು ಡಾಕ್ಟರು ಕರೆಸಿದರು. ಚೆಂಡಿನ ಒಳಗೆ ದೊಡ್ಡ ಭಾಗಕ್ಕೆ ರಕ್ತ ಹೋಗುವುದೇ ನಿಂತಿದೆ, ಟೋಪಿ ಹೊರುವ ಶಕ್ತಿ ಅದಕ್ಕಿಲ್ಲ, ಪೂರ್ತಿ ಕೀಲನ್ನೇ ಬದಲಾಯಿಸಬೇಕು ಎಂದರು. ‘ಮಾತ್ರೆ ವಿಷಯ ನೀವೇ ಹೇಳಿದ್ರೆ ಚೆನ್ನಾಗಿತ್ತು. ಇನ್ನು ಮೇಲೆ ಅದನ್ನ ನೀವಾಗೇ ತಗೋಬೇಡಿ, ಒಂದೇ ಸಲಕ್ಕೆ ಬಿಡೋದೂ ಬೇಡ. ಉಬ್ಬಸದ ಡಾಕ್ಟರಿಗೆ ಬರೆದುಕೊಡ್ತೀನಿ’ ಎಂದು ಮೆತ್ತಗೆ ಹೇಳಿದರು. ಭಾವ ಪಟವನ್ನು ನೋಡಿದರು, ಡಾಕ್ಟರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

‘ಡಂಗುರ ಬಾರಿಸಿದ್ದು ನೀನೇ ತಾನೇ?’

‘ಹೌದು ಭಾವ.’

‘ನನ್ನಾಣೆ ಇಟ್ಟಿದ್ದೆ.’

‘ಹೌದು ಭಾವ.’

ಅವರು ಡಾಕ್ಟರ ಕಡೆ ತಿರುಗಿದರು. ‘ಫೋಟೋ ನೋಡಿ ಕೇಸಿಂಗ್ ಹೇಳಕ್ಕಾಗಲ್ಲ ಮೇಡಂ. ಬೆರಳಿಟ್ಟು ನೋಡಬೇಕು. ತೆಗೆಯೋದೇ ಆದ್ರೆ, ತೆಗೆದ ಚೆಂಡನ್ನ ನನ್ನ ಕೈಗೆ ಕೊಡಬೇಕು. ಗಟ್ಟಿ ಇತ್ತೋ ಇಲ್ವೋ, ನಾನೇ ಹೇಳ್ತೀನಿ.’ ಡಾಕ್ಟರು ‘ಲ್ಯಾಬಿಗೆ ಕಳಿಸಬೇಕು. ಒಂದು ತುಂಡು ನಿಮಗೋಸ್ಕರ ಇಡಿಸ್ತೀನಿ’ ಎಂದರು.

ಆವತ್ತಿನಿಂದ ಭಾವ ನನ್ನ ಜೊತೆ ಮಾತು ಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆಯುತ್ತಿದ್ದೆವು, ಒಂದೇ ಸೂರಿನಡಿ ಹತ್ತು ಗಂಟೆ ಕೆಲಸ, ಒಂದು ಅಕ್ಷರವಿಲ್ಲ. ಹೇಳಬೇಕಾದ್ದನ್ನು ಸೀಮೆಸುಣ್ಣದಲ್ಲಿ ಟೈರಿನ ಮೇಲೆ ಬರೆದಿಡುತ್ತಿದ್ದರು: ನಾಳೆ ಬೇಕು. ಇನ್ನೂ ಉಜ್ಜು. ಸಾಕು. ಮನೆಯಲ್ಲಿ ನಾನು ಎದುರಿಗೇ ಕೂತಿದ್ದರೂ ‘ಅವನಿಗೆ ಹೇಳು, ನೀರು ಈ ಕಡೆ ಸರಿಸಲಿ’ ಎಂದು ಅಕ್ಕನಿಗೆ ಹೇಳುವುದು. ಅಕ್ಕ ಮೊದಲೆರಡು ದಿನ ಹಾಗೇ ದಾಟಿಸಿದಳು. ಮೂರನೇ ದಿನ ‘ನಾನೇನು ನಿಮ್ಮಿಬ್ಬರ ನಡುವಿನ ಅಂಚೆಯವಳಾ?’ ಎಂದು ನೀರಿನ ಚೊಂಬನ್ನು ನಡುವೆ ಕುಕ್ಕಿ ಎದ್ದು ಹೋದಳು. ಇಬ್ಬರೂ ನೀರು ಕುಡಿಯದೆ ಊಟ ಮುಗಿಸಿದೆವು.

ನಡುವೆ ಒಮ್ಮೆ ಭಾವ ಬೆಸುಗೆಯವನನ್ನು ಕರೆಸಿ ಕಬ್ಬಿಣದ ಒಂದು ಚೌಕಟ್ಟು ಮಾಡಿಸಿದರು. ಟೈರನ್ನು ಅದರ ಮೇಲೆ ಕೂರಿಸಿ ಹಿಡಿಕೆ ತಿರುಗಿಸಿದರೆ ಅದು ಎದೆಮಟ್ಟಕ್ಕೆ ಏಳುತ್ತದೆ; ನಿಂತೋ, ಎತ್ತರದ ಸ್ಟೂಲಿನ ಮೇಲೆ ಕೂತೋ ಒಳಗೆ ಕೈ ಹಾಕಬಹುದು. ಒಂದು ಟೈರು ಏರಿಸಿ, ಕೈ ತೂರಿಸಿ, ಸುತ್ತು ಬಂದರು. ಆಮೇಲೆ ಕೈ ತೆಗೆದು, ಹಿಡಿಕೆ ತಿರುಗಿಸಿ ಟೈರನ್ನು ಮತ್ತೆ ನೆಲಕ್ಕೆ ಇಳಿಸಿದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಹತ್ತಿರ ಹೋಗಬೇಕು ಅನ್ನಿಸಿತು, ಹೋಗಲು ಧೈರ್ಯ ಬರಲಿಲ್ಲ. ಯಂತ್ರ ಚಾಲೂ ಮಾಡಿದೆ, ಸದ್ದಾದರೂ ಇರಲಿ ಎಂದು.

ಆಪರೇಷನ್ನು ಎರಡು ಗಂಟೆಗಿಂತ ಹೆಚ್ಚು ಹಿಡಿಯಲಿಲ್ಲ. ಮಾರನೇ ದಿನವೇ ಅವರನ್ನು ಎಬ್ಬಿಸಿ, ನಾಲ್ಕು ಕಾಲಿನ ಊರುಗೋಲು ಕೊಟ್ಟು ಬಾಗಿಲ ತನಕ ನಡೆಸಿದರು. ವ್ಯಾಯಾಮ ಹೇಳಿಕೊಡುವಾಕೆ ಬಂದು, ಕುಕ್ಕರಗಾಲು ಬೇಡ, ಕಾಲಿನ ಮೇಲೆ ಕಾಲು ಬೇಡ, ತಗ್ಗಿನ ಕುರ್ಚಿ ಬೇಡ ಎಂದು ಬೇಡಗಳ ಪಟ್ಟಿಯನ್ನೇ ಓದಿ ಹೋದಳು. ಭಾವ ಎಲ್ಲಕ್ಕೂ ಹೂಂ ಎಂದರಂತೆ. ಇದೆಲ್ಲ ಅಕ್ಕ ಹೇಳಿದ್ದು. ನಾನು ಮೂರು ದಿನವೂ ವಾರ್ಡಿನ ಬಾಗಿಲ ಹೊರಗೇ ಇದ್ದೆ. ಔಷಧಿ ತರುವುದು, ಬಿಸಿನೀರು ತುಂಬಿಸುವುದು, ಮತ್ತೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವುದು. ‘ಒಳಗೆ ಬಾರೋ, ಅವರೇನು ಹೊಡೀತಾರಾ? ಎದ್ದು ಬರೋಕೂ ಆಗಲ್ಲ ಅವರಿಗೆ’ ಎಂದು ಅಕ್ಕ ಕರೆದಳು. ಮುಖ ತಿರುಗಿಸಿಬಿಟ್ಟರೆ ಅನ್ನುವ ಭಯಕ್ಕೆ ನಾನು ಹೋಗಲಿಲ್ಲ.

ಮೂರನೇ ದಿನ ಮಧ್ಯಾಹ್ನ ಊಟದ ತಟ್ಟೆಗಳು ವಾರ್ಡಿಗೆ ಬರುತ್ತಿದ್ದ ಹೊತ್ತಿನಲ್ಲೇ ಡಾಕ್ಟರು ಬಂದರು. ಕೈಯಲ್ಲಿ ಮುಚ್ಚಳದ ಚಿಕ್ಕ ಬಟ್ಟಲು, ಒಂದು ಜೊತೆ ರಬ್ಬರಿನ ಕೈಗವಸು. ‘ಕೊಟ್ಟ ಮಾತು’ ಎಂದು ಭಾವನ ಮುಂದೆ ಇಟ್ಟರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೂಳೆ ಗಟ್ಟಿಯಿದ್ದುಬಿಟ್ಟರೆ? ಉಳಿಸಬಹುದಾಗಿದ್ದ ಮೂಳೆಯನ್ನು ನನ್ನ ಬಾಯಿಂದಾಗಿ ಕತ್ತರಿಸಿ ಬಿಸಾಡಿಸಿದ ಹಾಗಾದರೆ? ಆಮೇಲೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಯಲ್ಲಿ ಅನ್ನ ತಿನ್ನಲಿ?

ಭಾವ ಕೈಗವಸು ತೊಟ್ಟು ತುಂಡನ್ನು ತೆಗೆದುಕೊಂಡರು. ಅರ್ಧ ಚೆಂಡಿನ ಹಾಗಿತ್ತು, ಹೊರಗಿನಿಂದ ನೋಡಿದರೆ ಅಲ್ಲಲ್ಲಿ ಒರಟು, ಆದರೂ ದುಂಡಗೆ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅಂಚಿನಲ್ಲಿ ಒತ್ತಿದರು. ಅಲ್ಲಿ ಗಟ್ಟಿಯಿತ್ತು. ಸ್ವಲ್ಪ ಒಳಗೆ ಸರಿಸಿ ಒತ್ತಿದರು, ಅಲ್ಲೂ ಗಟ್ಟಿ. ಮೇಲ್ಗಡೆ, ಟೋಪಿ ಕೂರಬೇಕಾಗಿದ್ದ ಜಾಗದಲ್ಲಿ ಒತ್ತಿದಾಗ ಹೆಬ್ಬೆರಳು ಒಳಗೆ ಇಳಿಯಿತು. ಒದ್ದೆ ಸೀಮೆಸುಣ್ಣದ ಹಾಗೆ ಪುಡಿ ಉದುರಿತು. ಇನ್ನೊಂದು ಸಲ ಒತ್ತಿದರು. ಮತ್ತೂ ಉದುರಿತು.

‘ಟೋಪಿ ಹಾಕಿದ್ರೆ ಎಷ್ಟು ದಿನ ಬರ್ತಿತ್ತು ಮೇಡಂ?’

‘ಹೇಳಕ್ಕಾಗಲ್ಲ. ಕೆಲವು ತಿಂಗಳು ಬಂದಿದ್ರೆ ಹೆಚ್ಚು. ನಡುದಾರೀಲಿ ಮುರಿದು ಬೀಳ್ತಿದ್ರಿ.’

ಭಾವ ತುಂಡನ್ನು ಬಟ್ಟಲಿಗೆ ಹಾಕಿ, ತಾವೇ ಮುಚ್ಚಳ ಮುಚ್ಚಿ, ಕೈಗವಸು ಬಿಚ್ಚಿದರು. ಡಾಕ್ಟರು ಹೋದರು. ತಟ್ಟೆ ತಂದವರು ಭಾವನ ಮಡಿಲ ಹತ್ತಿರ ಊಟ ಇಟ್ಟು ಹೋದರು. ಅಕ್ಕ ಚಮಚ ತೊಳೆದು ಕೊಟ್ಟಳು. ಅದನ್ನು ಹಿಡಿದುಕೊಂಡೇ ಭಾವ ಇಪ್ಪತ್ತೇಳು ದಿನದಲ್ಲಿ ಮೊದಲ ಸಲ ನನ್ನ ಬಗ್ಗೆ ವಿಚಾರಿಸಿದರು.

‘ಹೊರಗೆ ಕೂತಿದ್ದಾನಲ್ಲ, ಅವನು ಊಟ ಮಾಡಿದ್ನಾ?’

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಬಾಗಿಲಲ್ಲಿ ಎದ್ದು ನಿಂತಿದ್ದೆ. ಅರ್ಧ ಗಂಟೆಯ ಹಿಂದಷ್ಟೇ ಕ್ಯಾಂಟೀನಿನಲ್ಲಿ ಹೊಟ್ಟೆ ಬಿರಿಯ ತಿಂದು ಬಂದಿದ್ದೆ. ಜೊತೆಗೆ ಕೂತು ತಿನ್ನಿಸಿದವಳು ಅಕ್ಕನೇ.

‘ಇಲ್ಲ ಭಾವ’ ಎಂದೆ. ಅಕ್ಕ ನನ್ನನ್ನು ನೋಡಿ, ಇನ್ನೊಂದು ಚಮಚ ತೊಳೆಯಲು ಎದ್ದಳು.

‘ಮತ್ತೆ ಅಲ್ಲೇನು ಕಂಬದ ಹಾಗೆ ನಿಂತಿದ್ದೀಯ? ಬಾ’ ಎಂದು ಭಾವ ನಿಧಾನವಾಗಿ ಒಳ್ಳೆಯ ಕಾಲನ್ನು ಪಕ್ಕಕ್ಕೆ ಸರಿಸಿ, ಮಂಚದ ಮೇಲೆ ನನಗಷ್ಟು ಜಾಗ ಮಾಡಿದರು. ತಟ್ಟೆಯಲ್ಲಿದ್ದುದರಲ್ಲಿ ಹೆಚ್ಚಿನ ಪಾಲನ್ನು ನನ್ನ ಕಡೆ ತಳ್ಳಿದರು. ನಾನು ಕೂತು ಒಂದಗುಳೂ ಬಿಡದೆ ಎಲ್ಲ ತಿಂದೆ.